ಬರಿಗೈಯಲ್ಲಿ ಕೂತವನು

ಬುದ್ಧನ ವಿಗ್ರಹ ಎಲ್ಲೇ ಕಾಣಲಿ, ನಾನು ಮೊದಲು ಅದರ ಅಂಗೈ ನೋಡುತ್ತೇನೆ. ಮುಖದ ಶಾಂತಿ, ತುಟಿಯಂಚಿನ ನಗು ಅಂತೆಲ್ಲ ತಿಳಿದವರು ಹೇಳುವುದನ್ನು ಕೇಳಿದ್ದೇನೆ, ಒಪ್ಪುತ್ತೇನೆ ಕೂಡ. ಆದರೆ ಅಭ್ಯಾಸ ಬಿಡಬೇಕಲ್ಲ. ಕಣ್ಣು ನೇರವಾಗಿ ಮಡಿಲಿಗೆ ಹೋಗುತ್ತದೆ, ಅಲ್ಲಿ ಕೈ ಖಾಲಿ ಇದ್ದರೆ ಒಳಗೊಳಗೇ ನಗು ಉಕ್ಕುತ್ತದೆ. ಈ ಚಟ ಹತ್ತಿಸಿದವಳು ನಮ್ಮಜ್ಜಿ. ಅವಳು ತನ್ನ ಜನ್ಮದಲ್ಲಿ ನೋಡಿದ್ದು ಒಂದೇ ಒಂದು ವಸ್ತುಸಂಗ್ರಹಾಲಯ, ಅದೂ ಒಂದೇ ಸಲ. ಆ ಒಂದೇ ಸಲದಲ್ಲಿ ಅಲ್ಲಿದ್ದವರೆಲ್ಲರ ತಲೆ ಕೆಡಿಸಿ ಬಂದಳು.

ಇದು ಐವತ್ತರ ದಶಕದ ಮಾತು. ನಮ್ಮದು ಗಾವಡಗೆರೆಯ ಪಕ್ಕದ ಹಳ್ಳಿ. ನಾನಾಗ ಎರಡು ಜಡೆಯ ಹುಡುಗಿ, ಮನೆಯಲ್ಲಿ ಎಲ್ಲರಿಗಿಂತ ಬಾಯಿ ಜೋರು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಮೈಸೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ತಾವು ಕಂಡದ್ದನ್ನೆಲ್ಲ ಊರಿಗೂ ಕಾಣಿಸಬೇಕೆಂಬ ಹುಚ್ಚು ಅವರಿಗೆ. ಹಬ್ಬಕ್ಕೆ ಬಂದರೆ ಜಗಲಿಯ ಮೇಲೆ ಕೂತು, ಭೂಮಿ ಗುಂಡಗಿದೆ ಎನ್ನುವಲ್ಲಿಂದ ಶುರುಮಾಡಿ, ಕೇಳುವವರು ಒಬ್ಬೊಬ್ಬರಾಗಿ ದನ ಕಟ್ಟುವ ನೆಪ ಹೇಳಿ ಎದ್ದುಹೋಗುವವರೆಗೂ ಮಾತಾಡುತ್ತಿದ್ದರು. ಕೊನೆಗೆ ಉಳಿಯುತ್ತಿದ್ದವರು ನಾನು ಮತ್ತು ಅಜ್ಜಿ. ನನಗೆ ಮಾತು ಇಷ್ಟ, ಅಜ್ಜಿಗೆ ಮಗ ಇಷ್ಟ.

ಆ ವರ್ಷ ಅವರ ಬಾಯಲ್ಲಿ ಒಂದೇ ಸುದ್ದಿ. ಮೈಸೂರಿನ ಸಂಗ್ರಹಾಲಯದಲ್ಲಿ ಚೀನಾ, ಜಪಾನು, ಬರ್ಮಾ, ಜಾವಾ, ಹೀಗೆ ಮೂಡಣ ದೇಶಗಳ ಕಲೆಗೆಂದೇ ಕೋಣೆಗಳನ್ನು ತೆರೆದಿದ್ದಾರಂತೆ. ಅದನ್ನು ನೋಡದವರ ಬಾಳು ಬಾಳೇ ಅಲ್ಲವಂತೆ.

“ದೇವ್ರು ಅವ್ನಾ ಅಲ್ಲಿ?” ಅಜ್ಜಿ ಕೇಳಿದಳು.

“ಬೇಕಾದಷ್ಟು ಅವ್ರೆ ಕಣವ್ವ. ಸಮುದ್ರ ದಾಟಿ ಬಂದಿರೋ ದೇವ್ರುಗಳು.”

“ಅಷ್ಟು ದೂರದಿಂದ ಅವ್ರು ಬಂದವ್ರೆ ಅಂದ್ಮೇಲೆ ನಾವು ಹುಣಸೂರು ದಾಟಿ ಓಗ್ದಿದ್ರೆ ಏನ್ ಚೆಂದ? ನಡೀಲಾ ಓಗವ.”

ಹೀಗೆ ಒಂದೇ ಮಾತಿಗೆ ಹೊರಟುಬಿಟ್ಟಳು. ಚಿಕ್ಕಪ್ಪನಿಗೆ ಆಶ್ಚರ್ಯ, ಸಂತೋಷ, ಸ್ವಲ್ಪ ಭಯ.

ಮುಂದಿನದು ಅರ್ಥವಾಗಬೇಕಾದರೆ ಅಜ್ಜಿಯ ಕರಡಿಗೆಯ ವಿಷಯ ಹೇಳಬೇಕು. ನಾವು ಲಿಂಗ ಕಟ್ಟುವ ಮನೆಯವರು. ಹುಟ್ಟಿದ ಕೂಸಿಗೆ ಮಠದ ಅಯ್ಯನವರು ಕಟ್ಟಿದ ಲಿಂಗ ಸಾಯುವವರೆಗೂ ಮೈಮೇಲಿರಬೇಕು. ಅದನ್ನು ಎಡ ಅಂಗೈಯಲ್ಲಿಟ್ಟು, ಕಣ್ಣು ಅದರ ಮೇಲಿಟ್ಟು, ಪೂಜೆ ಮಾಡದೆ ಉಣ್ಣುವ ಹಾಗಿಲ್ಲ. ನಾವೆಲ್ಲ ಅವಸರವಿದ್ದಾಗ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ತಟ್ಟೆಗೆ ಕೈ ಹಾಕುತ್ತಿದ್ದೆವು. ಅಜ್ಜಿ ಮಾತ್ರ ಹೊಲದ ಬದುವಿನಲ್ಲಿದ್ದರೂ ಸರಿ, ನೆಂಟರ ಮದುವೆಮನೆಯಲ್ಲಿದ್ದರೂ ಸರಿ, ಮಧ್ಯಾಹ್ನದ ತುತ್ತಿಗೆ ಮೊದಲು ಕಾಲು ಮಡಿಸಿ ಕೂತೇ ಬಿಡುತ್ತಿದ್ದಳು. ಅವಳ ಲಿಂಗ ಬೆಳ್ಳಿಯ ಕರಡಿಗೆಯೊಳಗೆ ಇರುತ್ತಿತ್ತು. ನಿಂಬೆಕಾಯಿ ಗಾತ್ರದ ಪುಟ್ಟ ಡಬ್ಬಿ ಅದು, ತಾನೇ ಹೊಸೆದ ದಾರದಲ್ಲಿ ಕೊರಳಿಗೆ ತೂಗಿಕೊಂಡಿದ್ದಳು. ಬೆಳಗಿನ ಪೂಜೆ ಆದ ಮೇಲೆ ಒಂದು ತುಂಬೆ ಹೂವನ್ನು ಲಿಂಗದ ಪಕ್ಕದಲ್ಲೇ ಇಟ್ಟು ಮುಚ್ಚುವುದು ಅವಳದೇ ಪದ್ಧತಿ. ದಿನವೆಲ್ಲ ಕತ್ತಲಲ್ಲಿ ಇರುವ ದೇವರಿಗೆ ಒಂದು ಹೂವಾದರೂ ಜೊತೆಗಿರಲಿ ಎನ್ನುತ್ತಿದ್ದಳು.

ಮಳೆಗಾಲ ಮುಗಿದು ಬದುವಿನ ಮೇಲೆಲ್ಲ ತುಂಬೆ ಹೂ ಬಿಟ್ಟಿದ್ದ ದಿನಗಳು. ಅಜ್ಜಿ ದೇವರ ದರ್ಶನಕ್ಕೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡಳು. ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ. ನಮ್ಮ ದರ್ಶನಕ್ಕೆ ಬೇಕಾದ್ದನ್ನು ಅವ್ವ ಕಟ್ಟಿದಳು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನ. ಗಾಡಿಯಲ್ಲಿ ಹುಣಸೂರಿಗೆ ಬಂದು ಮಡಿಕೇರಿ ಕಡೆಯಿಂದ ಬಂದ ಬಸ್ಸು ಹತ್ತಿದೆವು. ಬಸ್ಸಿನ ತುಂಬ ಕಿತ್ತಳೆ ಹಣ್ಣಿನ ಬುಟ್ಟಿಗಳು. ಆ ವಾಸನೆಯಲ್ಲಿ ಮೈಸೂರಿನವರೆಗೂ ನನಗೆ ಬಾಯಲ್ಲಿ ನೀರು. ಅಜ್ಜಿ ಕಿಟಕಿಯ ಪಕ್ಕ ಕೂತು ಬಿಳಿಕೆರೆ ಬಂತು, ಇಲವಾಲ ಬಂತು ಎಂದು ಕಂಡಕ್ಟರಿಗಿಂತ ಮೊದಲೇ ಸಾರುತ್ತಿದ್ದಳು. ಯಾವತ್ತೂ ಆ ದಾರಿಯಲ್ಲಿ ಹೋದವಳಲ್ಲ, ಪಕ್ಕದವರನ್ನು ಕೇಳಿ ತಿಳಿದುಕೊಂಡು ತನ್ನದೇ ಎಂಬಂತೆ ಹೇಳುತ್ತಿದ್ದಳು.

ಸಂಗ್ರಹಾಲಯದ ಬಾಗಿಲಲ್ಲೇ ಮೊದಲ ತಕರಾರು. ಅಜ್ಜಿ ಚಪ್ಪಲಿ ಬಿಟ್ಟಳು, ನಮ್ಮದನ್ನೂ ಬಿಡಿಸಿದಳು. ಬೂಟು ಹಾಕಿಕೊಂಡು ಒಳಗೆ ನಡೆದ ಒಬ್ಬ ಕೋಟುಧಾರಿಯನ್ನು ದುರುಗುಟ್ಟಿ ನೋಡಿದಳು. ತೆಂಗಿನಕಾಯಿ ಒಳಗೆ ಬಿಡುವುದಿಲ್ಲ ಎಂದು ಕಾವಲುಗಾರ ಹೇಳಿದಾಗ, “ಕಾಯಿ ಒಡೀದಂಗೆ ಎಂಥಾ ದೇವ್ರಪ್ಪ ಇವು?” ಎಂದು ಗೊಣಗಿಕೊಂಡು ಊಟದ ಗಂಟಿನ ಜೊತೆ ಅದನ್ನೂ ಬಾಗಿಲಲ್ಲಿಟ್ಟಳು.

ಒಳಗೆ ಹೋದ ಮೇಲೆ ಚಿಕ್ಕಪ್ಪ ಶುರುಮಾಡಿದರು. ಇದು ಇಂಥ ಕಾಲದ್ದು, ಇದು ಇಂಥ ರಾಜಮನೆತನದ್ದು. ಅಜ್ಜಿಯದು ಬೇರೆಯದೇ ನೋಟ. ನನ್ನೆತ್ತರದ ನೀಲಿ ಬಿಳಿ ಚೀನಾ ಜಾಡಿಯ ಮುಂದೆ ನಿಂತು, “ಇದ್ರ ತುಂಬ ಉಪ್ಪಿನಕಾಯಿ ಹಾಕೋಕೆ ಎಷ್ಟು ಮರದ ಕಾಯಿ ಬೇಕಾಯ್ತದೋ! ಆ ಮನೇಲಿ ಎಷ್ಟು ಜನ ಇದ್ರೋ!” ಎಂದಳು. ಬೆರಳುದ್ದದ ಮನುಷ್ಯರನ್ನೂ ಮರಗಳನ್ನೂ ಕೊರೆದಿದ್ದ ಆನೆದಂತವನ್ನು ನೋಡಿ, ಅದು ಕಾಕನಕೋಟೆ ಕಾಡಿನ ಆನೆಯದೇ ಎಂದು ತೀರ್ಪು ಕೊಟ್ಟಳು. ಚೀನಾದಲ್ಲೂ ಆನೆ ಇವೆ ಎಂದು ಚಿಕ್ಕಪ್ಪ ಹೇಳಿದರೆ, “ಇರ್ಲಿ ಬುಡು, ಇಷ್ಟು ದಪ್ಪ ದಂತ ನಮ್ಮೋವ್ಕೇ ಇರೋದು” ಎಂದಳು. ಜಪಾನಿನ ರೇಷ್ಮೆ ಪರದೆಯ ಮೇಲೆ ಕೊಕ್ಕರೆಗಳು ನೀರಲ್ಲಿ ಒಂಟಿ ಕಾಲಲ್ಲಿ ನಿಂತಿದ್ದವು. ಅದರ ಮುಂದೆ ಮಾತ್ರ ಅವಳು ನನ್ನ ಕೈ ಹಿಡಿದು ನಿಂತಳು. ಆಮೇಲೆ ಮೆಲ್ಲಗೆ, “ನಮ್ ಕೆರೆ ಕಣಮ್ಮಿ” ಎಂದಳು. ನನಗೂ ಹಾಗೇ ಅನ್ನಿಸಿತ್ತು. ನಾನು ಅವತ್ತಿನಷ್ಟು ಖುಷಿಯಾಗಿದ್ದ ದಿನಗಳು ಕಡಿಮೆ.

ಬುದ್ಧನಿದ್ದದ್ದು ಅದರಾಚೆಯ ಸಣ್ಣ ಕೋಣೆಯಲ್ಲಿ. ಜಪಾನಿನಿಂದ ಬಂದ ಮರದ ವಿಗ್ರಹ, ಬಂಗಾರದ ಬಣ್ಣ ಅಲ್ಲಲ್ಲಿ ಸವೆದಿತ್ತು. ಎತ್ತರದ ಪೀಠದ ಮೇಲೆ ಕಾಲು ಮಡಿಸಿ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಅಂಗಾತ ಇಟ್ಟು, ಅರೆಮುಚ್ಚಿದ ಕಣ್ಣುಗಳಿಂದ ಕೆಳಗೆ ನೋಡುತ್ತಿದ್ದ. ಮುಂದೆ ಹಿತ್ತಾಳೆಯ ಕಂಬಿ. ಅಜ್ಜಿ ಕೈಮುಗಿದಳು. ಆಮೇಲೆ ಕೈಯಿಳಿಸಿ ಹತ್ತಿರ ಹೋದಳು. ಕಂಬಿಯ ಮೇಲೆ ಅರ್ಧ ಬಗ್ಗಿ ಅವನ ಅಂಗೈಯೊಳಗೆ ಇಣುಕಿದಳು.

“ಇವ್ನ ಲಿಂಗ ಎಲ್ಲಿ?” ಎಂದಳು.

ಚಿಕ್ಕಪ್ಪ ನಕ್ಕು, ಇವನು ಬುದ್ಧ, ರಾಜ್ಯ ಬಿಟ್ಟು ಕಾಡಿಗೆ ಹೋದವನು, ಧ್ಯಾನ ಮಾಡುತ್ತಿದ್ದಾನೆ, ಇವನಿಗೆ ಲಿಂಗವಿಲ್ಲ ಎಂದು ವಿವರಿಸಿದರು.

“ಯಾರಾದ್ರೂ ಆಗ್ಲಿ ಕಣ್ಲಾ. ಕೂತಿರೋದ್ ನೋಡು, ಕಣ್ಣು ಎಲ್ ಅದೆ ನೋಡು. ಅಂಗೈ ಮೇಲೆ ಇಟ್ಕಂಡಿದ್ದ, ಬಿದ್ದೋಗದೆ. ಪಾಪ, ಅದುಕ್ಕೇ ಮುಖ ಅಂಗಾಗದೆ.” ಮೂಲೆಯಲ್ಲಿ ನಿಂತಿದ್ದ ಆ ಕೋಣೆಯ ಕಾವಲುಗಾರನನ್ನು ಕರೆದಳು. ನೆರೆತ ಗಡ್ಡ, ಖಾಕಿ ಕೋಟಿನ ಸಾಬರು. “ಏನಪ್ಪಾ, ಇವ್ನ ಕೈಲಿ ಇದ್ದದ್ದು ಎಲ್ಲೋಯ್ತು? ನೀನೇ ತಾನೆ ಕಾಯೋನು?”

“ನಾನು ಈ ಕೋಣೆಗೆ ಬಂದು ಬಾಳ ದಿವಸ ಆಗಿಲ್ಲ ಅಜ್ಜಿ. ಬಂದಾಗ್ಲೂ ಹೀಗೇ ಇತ್ತು.”

“ನಿನ್ಗಿಂತ ಮುಂಚೇನೇ ಬಿದ್ದೋಗದೆ ಅನ್ನು. ಈ ಪೀಠದ ಸಂದೀಲಿ ಚೆನ್ನಾಗಿ ಹುಡುಕು. ನಿಂಬೆಕಾಯಿ ಗಾತ್ರ ಇರ್ತದೆ, ಬೆಳ್ಳೀದು. ಸಿಕ್ಕಿದ್ರೆ ಆ ಕೈಲಿ ಇಟ್ಬುಡು. ಅದು ಇಲ್ದೆ ಅವ್ನು ಉಣ್ಣೋಂಗಿಲ್ಲ.”

ಸಾಬರು ಗಾಬರಿಯಿಂದ ವಿಗ್ರಹವನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಶಾಲೆಯ ಮಕ್ಕಳ ದಂಡೊಂದು ಗದ್ದಲ ಮಾಡುತ್ತ ನುಗ್ಗಿತು. ಕಂಬಿಯ ಮೇಲೆ ಇನ್ನೂ ಬಗ್ಗಿದ್ದ ಅಜ್ಜಿಯನ್ನು ನಾನು ರಟ್ಟೆ ಹಿಡಿದು ಎಬ್ಬಿಸಿದೆ, ಚಿಕ್ಕಪ್ಪ ನಮ್ಮನ್ನು ಮಹಡಿಯ ಮೇಲಕ್ಕೆ ಸಾಗಿಸಿದರು. ಮೇಲೆ ಬರ್ಮಾದ ಅರಗಿನ ಪೆಟ್ಟಿಗೆಗಳು, ಜಾವಾದ ತೊಗಲು ಗೊಂಬೆಗಳು. ಗೊಂಬೆಗಳ ಮೂಗು ನೋಡಿ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಹೊರಗೆ ಬಂದು, ಅಂಗಳದ ಹೊಂಗೆಮರದ ನೆರಳಲ್ಲಿ ಊಟಕ್ಕೆ ಕೂತೆವು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಅಜ್ಜಿ ಕೈ ತೊಳೆದು, ಕಾಲು ಮಡಿಸಿ, ಕೊರಳಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಸೆರಗು ಸರಿಸಿದಳು, ಮತ್ತೆ ಮುಟ್ಟಿದಳು. ಕೊರಳಲ್ಲಿ ಏನೂ ಇರಲಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮುಂದಿದ್ದ ಎಲೆಯನ್ನು ಮೆಲ್ಲಗೆ ಆಚೆ ಸರಿಸಿದಳು, ನೀರಿನ ಚೊಂಬನ್ನೂ ಸರಿಸಿದಳು. ಹುಟ್ಟಿದಾಗ ಕಟ್ಟಿದ್ದು, ಮದುವೆಯಲ್ಲಿ, ಹೆರಿಗೆಯಲ್ಲಿ, ಅಜ್ಜ ತೀರಿಕೊಂಡ ದಿನದಲ್ಲಿ ಕೂಡ ಅವಳ ಮೈಮೇಲೇ ಇದ್ದದ್ದು. ನಾನು ಅವಳನ್ನು ಅದಿಲ್ಲದೆ ಒಮ್ಮೆಯೂ ನೋಡಿರಲಿಲ್ಲ. ಎಷ್ಟು ಸಣ್ಣವಳಾಗಿ ಕಂಡಳು ಎಂದರೆ ನನಗೆ ಅಳು ಬಂತು.

“ಅಯ್ಯನವ್ರ ಕೈಲಿ ಹೇಳಿ ಇನ್ನೊಂದು ಕಟ್ಟಿಸಬೌದು ಕಣವ್ವ,” ಎಂದರು ಚಿಕ್ಕಪ್ಪ. “ಈಗ ಒಂದ್ ಗುಟುಕು ನೀರಾದ್ರೂ ಕುಡಿ. ಬಿಸಿಲು ಹಿಂಗದೆ.”

“ಸಿಗೋಗಂಟ ಬ್ಯಾಡ ಕಣಪ್ಪ,” ಎಂದಳು. ಅವಳ ಹಟ ಗೊತ್ತಿದ್ದವರಿಗೆ ಆ ಮಾತಿನ ಅರ್ಥ ಗೊತ್ತು. ಸಿಗದಿದ್ದರೆ ಇವತ್ತೂ ಇಲ್ಲ, ನಾಳೆಯೂ ಇಲ್ಲ. ಆ ವಯಸ್ಸಿನಲ್ಲಿ ಉಪವಾಸ ಎಷ್ಟು ದಿನ ತಡೆದೀತು?

ಮಹಡಿಯ ಮೆಟ್ಟಿಲು ಹತ್ತುವಾಗ ಮುಟ್ಟಿಕೊಂಡ ಹಾಗೆ ನೆನಪು ಎಂದಳು. ಹಾಗಾಗಿ ಮಹಡಿಯಿಂದಲೇ ಹುಡುಕಲು ಹೊರಟೆವು. ಬೆಳಿಗ್ಗೆ ಬರೀ ಕಣ್ಣು ಹಾಯಿಸಿದ್ದ ವಸ್ತುಗಳನ್ನೆಲ್ಲ ಈಗ ಬೇರೆ ಕಡೆಯಿಂದ ನೋಡಿದೆವು. ಬರ್ಮಾದ ಪೆಟ್ಟಿಗೆಗಳ ತಳ ನೋಡಿದೆ. ತೊಗಲು ಗೊಂಬೆಗಳ ಹಿಂಭಾಗ ನೋಡಿದೆ, ಹಿಂದೆಯೂ ಮುಂದಿನಷ್ಟೇ ಚೆನ್ನಾಗಿ ಬಣ್ಣ ಹಾಕಿದ್ದರು. ಬೆಳಿಗ್ಗೆಯೆಲ್ಲ ಕೈ ಹಿಂದೆ ಕಟ್ಟಿಕೊಂಡು ಪಾಠ ಹೇಳಿದ ಚಿಕ್ಕಪ್ಪ, ಪಂಚೆ ಎತ್ತಿ ಕಟ್ಟಿ, ಚೀನಾದ ಕೆಂಪು ಬೀರುವಿನ ಕೆಳಗೆ ಮಂಡಿಯೂರಿ ಬಗ್ಗಿ, ಕೆನ್ನೆಯನ್ನು ನೆಲಕ್ಕೊತ್ತಿ ನೋಡುತ್ತಿದ್ದರು. ನಾನು ಆ ದೊಡ್ಡ ಜಾಡಿಯೊಳಗೆ ತಲೆ ಹಾಕಿ ನೋಡಲು ಹೋಗಿ ಬೈಸಿಕೊಂಡೆ. ಕರಡಿಗೆ ಎಲ್ಲೂ ಇರಲಿಲ್ಲ. ಬುದ್ಧನ ಕೋಣೆಗೆ ಬಂದರೆ ಬಾಗಿಲು ಹಾಕಿತ್ತು. ಕಸ ಗುಡಿಸುತ್ತಿದ್ದಾರೆ, ಆಮೇಲೆ ತೆಗೆಯುತ್ತಾರೆ ಎಂದರು. ಅಜ್ಜಿ ಆ ಬಾಗಿಲ ಪಕ್ಕದಲ್ಲೇ ಗೋಡೆಗೊರಗಿ ಕೂತಳು. ಅವಳ ತುಟಿ ಒಣಗಿತ್ತು. ಇವಳನ್ನು ಯಾಕಾದರೂ ಕರೆತಂದೆನೋ ಎಂದು ಚಿಕ್ಕಪ್ಪ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಬಾಗಿಲು ತೆರೆಯಿತು. ಗಡ್ಡದ ಸಾಬರು ಪೊರಕೆ ಹಿಡಿದುಕೊಂಡು ಹೊರಗೆ ಬಂದವರು ಅಜ್ಜಿಯನ್ನು ಕಂಡು ಮುಖವೆಲ್ಲ ಅರಳಿಸಿದರು.

“ಅಜ್ಜಿ! ನೀವು ಹೇಳಿದ್ದು ನಿಜ! ಸಿಕ್ಬಿಡ್ತು!”

“ಏನು ಸಿಕ್ತು?”

“ಅವರದು ಅಜ್ಜಿ, ದೇವರದು! ನಿಂಬೆಕಾಯಿ ಗಾತ್ರ, ಬೆಳ್ಳಿದು, ಎಲ್ಲ ನೀವು ಹೇಳ್ದಂಗೇ. ಪೀಠದ ಸಂದೀಲೇ ಇತ್ತು. ಕೈಲಿ ಇಟ್ಟಿದೀನಿ, ಬಂದು ನೋಡಿ!”

ಓಡಿದೆವು. ಆ ಮರದ ಅಂಗೈಯಲ್ಲಿ, ಅಳತೆ ತೆಗೆದು ಮಾಡಿಸಿದ ಹಾಗೆ, ಅಜ್ಜಿಯ ಕರಡಿಗೆ ಕೂತಿತ್ತು. ಹರಿದ ದಾರ ಮೊಣಕಾಲಿನ ಮೇಲೆ ಇಳಿಬಿದ್ದಿತ್ತು. ಬುದ್ಧ ಅದನ್ನೇ ನೋಡುತ್ತಿದ್ದ. ನಿಜ ಹೇಳುತ್ತೇನೆ, ಅವನ ಮುಖ ಬೆಳಿಗ್ಗೆಗಿಂತ ಗೆಲುವಾಗಿ ಕಂಡಿತು.

ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನಗಲು ಶುರುಮಾಡಿದಳು. “ಅಯ್ಯೋ ನಮ್ಮಪ್ಪ! ನಂದನ್ನ ಇಟ್ಕಂಡು ಕೂತಿದ್ದೀಯಲ್ಲೋ!”

ಕಂಬಿಯ ಮೇಲೆ ಬಗ್ಗಿದಾಗ ದಾರ ಅದಕ್ಕೆ ಸಿಕ್ಕಿಕೊಂಡು ಹರಿದಿರಬೇಕು ಎಂದು ಚಿಕ್ಕಪ್ಪ ವಿವರಿಸಿದರು. ಆದರೆ ಸಾಬರು ಒಪ್ಪಲು ತಯಾರಿಲ್ಲ. ಬೆಳಿಗ್ಗೆ ದೇವರದು ಎಂದು ಇವರೇ ಹೇಳಿದರು, ಈಗ ತಮ್ಮದು ಎನ್ನುತ್ತಿದ್ದಾರೆ. ಸರ್ಕಾರದ ಸಾಮಾನು, ಸಾಹೇಬರನ್ನು ಕೇಳದೆ ಕೊಡುವುದು ಹೇಗೆ? ಅವರ ಮಾತೂ ಸರಿಯೇ. ಕನ್ನಡಕದ ಅಧಿಕಾರಿ ಬಂದು, ಎಲ್ಲ ಕೇಳಿ, ಗಂಭೀರವಾಗಿ ತಲೆ ಕೆರೆದುಕೊಂಡರು. ಇದು ನಿಮ್ಮದೇ ಎನ್ನುವುದಕ್ಕೆ ಏನು ಗುರುತು ಎಂದರು.

“ಒಳ್ಗೆ ನಮ್ ಬದೀನ ತುಂಬೆ ಹೂವದೆ. ಇವತ್ತು ಬೆಳಿಗ್ಗೆ ಇಟ್ಟಿದ್ದು,” ಎಂದಳು ಅಜ್ಜಿ. “ಜಪಾನ್‌ನಲ್ಲಿ ತುಂಬೆ ಹೂ ಬಿಡ್ತದಾ ಸ್ವಾಮಿ?”

ಅಧಿಕಾರಿ ಕರಡಿಗೆಯ ಮುಚ್ಚಳವನ್ನು ಎಳೆದರು, ತಿರುಪಿದರು, ಅದು ಜಪ್ಪಯ್ಯ ಅನ್ನಲಿಲ್ಲ. ಅಜ್ಜಿ ಕೈ ಚಾಚಿದಳು. ಹೆಬ್ಬೆರಳಿನಿಂದ ಒಂದು ಕಡೆ ಒತ್ತಿದಳು, ತೆರೆದುಕೊಂಡಿತು. ಲಿಂಗದ ಪಕ್ಕದಲ್ಲಿ ಸ್ವಲ್ಪ ಬಾಡಿದ, ಆದರೂ ಬೆಳ್ಳಗಿದ್ದ ತುಂಬೆ ಹೂವು. ಅಧಿಕಾರಿ ನಕ್ಕುಬಿಟ್ಟರು. “ತಗೊಳ್ಳಿ ತಾಯಿ,” ಎಂದರು.

ಬೇರೆಯವರು ಮುಟ್ಟಿದ್ದಾರಲ್ಲ, ಶುದ್ಧಿ ಮಾಡಿಸಬೇಕೇನೋ ಎಂದು ಚಿಕ್ಕಪ್ಪ ಪಿಸುಗುಟ್ಟಿದರು. ಅಜ್ಜಿ ಅವರನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡರು. “ಎತ್ತಿ ಜೋಪಾನ ಮಾಡ್ದ ಕೈ ಕಣ್ಲಾ ಅದು,” ಎಂದಳು. ಆಮೇಲೆ ಯಾರನ್ನೂ ಕೇಳದೆ, ಸಾಬರು ಆಗತಾನೆ ಗುಡಿಸಿದ್ದ ನೆಲದ ಮೇಲೆ, ಬುದ್ಧನ ಎದುರಿಗೇ ಕಾಲು ಮಡಿಸಿ ಕೂತಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಕೆಳಗಿಳಿಸಿದಳು. ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಮೇಲೊಬ್ಬ, ಕೆಳಗೊಬ್ಬಳು, ಒಂದೇ ಭಂಗಿ.

ಅದೇ ಹೊತ್ತಿಗೆ ಶಾಲೆಯ ಮಕ್ಕಳ ದಂಡು ಮತ್ತೆ ಬಂತು. ಈ ಸಲ ಗದ್ದಲವಿಲ್ಲ. ಮುಂದಿದ್ದ ಪುಟ್ಟ ಹುಡುಗಿ ಅಜ್ಜಿಯನ್ನು ಬಾಯಿಬಿಟ್ಟು ನೋಡಿ, ಅವಳ ಹಣೆಯ ವಿಭೂತಿ ನೋಡಿ, ಸುಕ್ಕುಗಳನ್ನು ನೋಡಿ, ಮೆಲ್ಲಗೆ ಕೇಳಿದಳು: “ಮೇಷ್ಟ್ರೇ, ಇದು ಯಾವ ದೇಶದ್ದು?”

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಕೈ ಹಿಂದೆ ಕಟ್ಟಿಕೊಂಡು, ಬೆಳಗಿನದೇ ಗತ್ತಿನಲ್ಲಿ ಹೇಳಿದರು: “ಗಾವಡಗೆರೆ ಕಡೇದು.”

ಅಜ್ಜಿಯ ತುಟಿ ಅಲುಗಿದ್ದನ್ನು ನಾನು ನೋಡಿದೆ. ಕಣ್ಣು ಮಾತ್ರ ಎತ್ತಲಿಲ್ಲ.

ಆಮೇಲೆ ಹೊಂಗೆಮರದ ಕೆಳಗೆ ನಾವು ಉಂಡ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ. ಸಾಬರನ್ನೂ ಬಲವಂತ ಮಾಡಿ ಕರೆತಂದು ಕೂರಿಸಿದೆವು. ಹುಚ್ಚೆಳ್ಳು ಚಟ್ನಿಪುಡಿಯನ್ನು ಅವರು ಎರಡೆರಡು ಸಲ ಹಾಕಿಸಿಕೊಂಡರು. ಬಾಗಿಲಲ್ಲಿಟ್ಟಿದ್ದ ತೆಂಗಿನಕಾಯಿಯನ್ನು ಅಜ್ಜಿ ಅಲ್ಲೇ ಕಲ್ಲಿಗೆ ಒಡೆದು ಎಲ್ಲರಿಗೂ ಹಂಚಿದಳು, ಅಧಿಕಾರಿಗೂ ಒಂದು ಚೂರು ಹೋಯಿತು. ಹೊರಡುವ ಮುಂಚೆ ಮತ್ತೊಮ್ಮೆ ಒಳಗೆ ಹೋದಳು. ತುಂಬೆ ಹೂವನ್ನು ಸಾಬರ ಕೈಗೆ ಕೊಟ್ಟು, ಬುದ್ಧನ ಅಂಗೈಯಲ್ಲಿ ಇಡಿಸಿದಳು. “ಅಷ್ಟೊತ್ತು ಇಟ್ಕಂಡಿದ್ದೋನು ಈಗ ಬರಿಗೈಲಿ ಕೂರ್ಬಾರ್ದು,” ಎಂದಳು. ಸಾಬರು ಸುತ್ತ ನೋಡಿ ಗುಟ್ಟಾಗಿ ಇಟ್ಟರು.

ಊರಿಗೆ ಬಂದ ಮೇಲೆ ಆ ಕಥೆಯನ್ನು ಅವಳು ಎಷ್ಟು ಸಲ ಹೇಳಿದಳೋ. ಮಿರ್ಲೆಯ ನೆಂಟರು, ಪಿರಿಯಾಪಟ್ಟಣದ ಬೀಗರು, ಯಾರು ಬಂದರೂ ಚೀನಾ ಜಾಡಿಯಿಂದ ಶುರು. ಕೊನೆಯಲ್ಲಿ ಮಾತ್ರ ಯಾವಾಗಲೂ ಒಂದೇ ಮಾತು. ಚಿಕ್ಕಪ್ಪನ ಕಡೆ ತಿರುಗಿ, “ನಾನು ಶಿವನ ಪಾದಕ್ಕೆ ಓದಾಗ ನನ್ ಕೈ ನೋಡಿ ಕೂರ್ಸು ಕಣ್ಲಾ. ಆ ಜಪಾನ್‌ನೋನಂಗೆ ಬರಿಗೈಲಿ ಕೂರ್ಸ್‌ಬ್ಯಾಡ,” ಎಂದು ಹೇಳಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಅವಳು ತುಂಬು ವಯಸ್ಸಿಗೆ, ನರಳದೆ, ಸುಗ್ಗಿಯ ದಿನಗಳಲ್ಲಿ ಹೋದಳು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕಾಲು ಮಡಿಸಿ ಕೂರಿಸಿ ಮಣ್ಣು ಮಾಡುತ್ತೇವೆ. ಅಯ್ಯನವರು ಅವಳ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟರು. ಕಣ್ಣು ಅರೆಮುಚ್ಚಿ, ತಲೆ ಸ್ವಲ್ಪ ಬಾಗಿ, ಥೇಟ್ ಅವನೇ. ಅಳುವಿನ ನಡುವೆ ನಗು ಬಂದು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿ ಚಿಕ್ಕಪ್ಪನ ಭುಜವೂ ಅಲುಗುತ್ತಿತ್ತು. ಮಣ್ಣು ಹಾಕುವ ಮೊದಲು ಅವರು ಗುಣಿಯ ಅಂಚಿನಲ್ಲಿ ಮಂಡಿಯೂರಿ, ಅಂದು ಚೀನಾದ ಬೀರುವಿನ ಕೆಳಗೆ ಬಗ್ಗಿದ್ದ ಹಾಗೆಯೇ ಬಗ್ಗಿ, ಅವಳ ಅಂಗೈಯನ್ನು ಸರಿಯಾಗಿ ನೋಡಿದರು.

“ಅದೆ ಕಣವ್ವ,” ಎಂದರು. “ನಿನ್ ಕೈಲೇ ಅದೆ.”